ಹೊಗೆ ಕಾರುವ ಅಗ್ಗಿಷ್ಟಿಕೆ

ಕಕ್ಕಡ ತಿಂಗಳ ಮಳೆ ಹಿಡಿದುಕೊಂಡಿತೆಂದರೆ ಕೊಡಗಿನಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗದು, ಚಪ್ಪಲಿಗೆ ಬೂಷ್ಟು ಬರುತ್ತದೆ, ಭರಣಿಯ ಉಪ್ಪು ನೀರಾಗುತ್ತದೆ. ಹಳೆಯ ತೋಟದ ಬಂಗಲೆಗಳಲ್ಲಿ ಅಗ್ಗಿಷ್ಟಿಕೆಯ ನೆನಪಾಗುವುದು ಆಗಲೇ. ವರ್ಷವಿಡೀ ಹೂದಾನಿ ಇಡುವುದಕ್ಕೆ ಬಳಕೆಯಾದ ಆ ಗೂಡಿನಲ್ಲಿ ಸೌದೆ ಒಟ್ಟಿ ಬೆಂಕಿ ಹಚ್ಚಿದರೆ, ಹತ್ತೇ ನಿಮಿಷದಲ್ಲಿ ಮನೆಮಂದಿಯೆಲ್ಲ ಕಣ್ಣುಜ್ಜಿಕೊಳ್ಳುತ್ತ ಜಗಲಿಗೆ ಬಂದು ನಿಲ್ಲುತ್ತಾರೆ. ‘ಚಿಮಣಿ ಕೆಟ್ಟಿದೆ, ಒಡೆಸಬೇಕು’ ಎಂಬ ತೀರ್ಮಾನವೂ ಅಲ್ಲೇ ಆಗಿಬಿಡುತ್ತದೆ. ಸ್ವಲ್ಪ ತಾಳಿ. ಎಷ್ಟೋ ಸಲ ಚಿಮಣಿ ಸರಿಯಾಗಿಯೇ ಇರುತ್ತದೆ. ಮನೆಗೆ ಮಾಡಿಸಿದ ರಿಪೇರಿ ಅದರ ಉಸಿರು ಕಟ್ಟಿಸಿರುತ್ತದೆ.

ಅಗ್ಗಿಷ್ಟಿಕೆ ಕೊಡಗಿನ ಮೂಲದ್ದಲ್ಲ. ಐನ್‌ಮನೆಯಲ್ಲಿ ಬೆಚ್ಚಗಿರುತ್ತಿದ್ದ ಜಾಗ ಅಡುಗೆಮನೆ. ಒಲೆಯ ಹೊಗೆ ಮೇಲೇರಿ, ಅಲ್ಲಿ ತೂಗಿಬಿಟ್ಟ ಮಾಂಸವನ್ನು ಒಣಗಿಸಿ, ಮಾಡಿನ ಸಂದಿಗಳಲ್ಲಿ ಹೊರಟುಹೋಗುತ್ತಿತ್ತು. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1850ರ ದಶಕದಿಂದ ಐರೋಪ್ಯ ಪ್ಲಾಂಟರುಗಳು ಕಾಫಿ ತೋಟ ಎಬ್ಬಿಸಿದರು, ಬಂಗಲೆ ಕಟ್ಟಿದರು, ತಮ್ಮೂರಿನ ಅಗ್ಗಿಷ್ಟಿಕೆಯನ್ನೂ ಗೋಡೆಯಲ್ಲಿ ಕೂರಿಸಿದರು. ಮುಂದೆ ಅವರ ದೇಶದಲ್ಲಿ ಒಂದೇ ಬಾಯ್ಲರಿನಿಂದ ಕೋಣೆಕೋಣೆಗೂ ಬಿಸಿನೀರಿನ ಕೊಳವೆ ಎಳೆದು ಇಡೀ ಮನೆಯನ್ನು ಕಾಯಿಸುವ ಏರ್ಪಾಡು ಬಂತು. ನಮ್ಮಲ್ಲಿ ಅಷ್ಟು ಚಳಿಯಿಲ್ಲ, ಅಷ್ಟು ಖರ್ಚೂ ಬೇಕಿರಲಿಲ್ಲ.

ಚಿಮಣಿಯ ಕೆಲಸ ಸರಳ. ಬಿಸಿಗಾಳಿ ಹಗುರ, ಮೇಲೇರುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಕೋಣೆಯ ಗಾಳಿ ನುಗ್ಗುತ್ತದೆ. ಚೆನ್ನಾಗಿ ಉರಿಯುವ ತೆರೆದ ಬೆಂಕಿ ಹೀಗೆ ಗಂಟೆಗೆ ನೂರಾರು ಘನ ಮೀಟರ್ ಗಾಳಿಯನ್ನು ಎಳೆದು ಹೊರಗೆ ಕಳಿಸುತ್ತದೆ. ಹಂಚಿನ ಮಾಡು, ಸಂದು ಬಿಟ್ಟ ಮರದ ಕಿಟಕಿ ಇದ್ದ ಕಾಲದಲ್ಲಿ ಅಷ್ಟು ಗಾಳಿ ತಾನಾಗಿ ಒಳಬರುತ್ತಿತ್ತು. ಈಗ? ಕಿಟಕಿಗೆ ಅಲ್ಯೂಮಿನಿಯಂ ಚೌಕಟ್ಟು, ಹಂಚಿನ ಕೆಳಗೆ ಫಾಲ್ಸ್ ಸೀಲಿಂಗ್, ಅಡುಗೆಮನೆಯಲ್ಲಿ ಹೊರಕ್ಕೆ ಗಾಳಿ ತಳ್ಳುವ ಫ್ಯಾನು. ಚಿಮಣಿಗೆ ಗಾಳಿ ಸಾಲದೆ ಹೊಗೆ ಕೋಣೆಗೇ ತಿರುಗುತ್ತದೆ. ಪರೀಕ್ಷೆಗೆ ಖರ್ಚಿಲ್ಲ: ಫ್ಯಾನು ನಿಲ್ಲಿಸಿ, ಒಂದು ಕಿಟಕಿಯನ್ನು ಎರಡು ಇಂಚು ತೆರೆಯಿರಿ. ಹೊಗೆ ನಿಂತರೆ ರೋಗ ಸಿಕ್ಕಿತು. ಅಗ್ಗಿಷ್ಟಿಕೆಯ ಪಕ್ಕದ ಗೋಡೆಯಲ್ಲಿ ಜಾಲರಿ ಹಾಕಿದ ಒಂದು ಗಾಳಿಗಂಡಿ ತೆಗೆಸಿದರೆ ಸಾಕು.

ಬೆಂಕಿ ಹಚ್ಚಿದ ಮೊದಲ ಕಾಲುಗಂಟೆ ಮಾತ್ರ ಹೊಗೆಯೆ? ತಿಂಗಳುಗಟ್ಟಲೆ ತಣ್ಣಗಿದ್ದ ಚಿಮಣಿಯಲ್ಲಿ ಭಾರವಾದ ಥಂಡಿ ಗಾಳಿ ಬೆಣೆಯಂತೆ ಕೂತಿರುತ್ತದೆ. ಹಳೆಯ ಪೇಪರನ್ನು ಸುರುಳಿ ಸುತ್ತಿ ಹೊತ್ತಿಸಿ, ಚಿಮಣಿಯ ಗಂಟಲಿಗೆ ಹಿಡಿದು ಬೆಚ್ಚಗೆ ಮಾಡಿ, ಆಮೇಲೆ ಸೌದೆಗೆ ಹಚ್ಚಿ. (ಓದಿ ಮುಗಿಸಿದ ಪುರವಣಿಯೂ ಆದೀತು.) ಗಾಳಿ ಬೀಸಿದಾಗ ಮಾತ್ರ ಬುಸ್ಸೆಂದು ಹೊಗೆ ಕಕ್ಕಿದರೆ ಹೊರಗೆ ಹೋಗಿ ತಲೆಯೆತ್ತಿ ನೋಡಿ. ಬಂಗಲೆ ಕಟ್ಟಿದಾಗ ಸಸಿಯಾಗಿದ್ದ ಸಿಲ್ವರ್ ಓಕ್ ಇಂದು ಚಿಮಣಿಗಿಂತ ಎಷ್ಟೋ ಎತ್ತರಕ್ಕೆ ಬೆಳೆದು ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತಿರಬಹುದು. ಚಿಮಣಿಯ ತುದಿ ಮಾಡಿನ ನೆತ್ತಿಗಿಂತ ಕೆಳಗಿದ್ದರೂ ಇದೇ ಕಥೆ. ಯಾವಾಗಲೂ ಹೊಗೆಯಾದರೆ ಹಗಲಲ್ಲಿ ಕನ್ನಡಿ ಹಿಡಿದು ಒಳಗೆ ನೋಡಿ, ಆಕಾಶ ಕಾಣಬೇಕು. ಕಾಣದಿದ್ದರೆ ಹಕ್ಕಿಗೂಡೋ ಜೇನುಗೂಡೋ ಇದ್ದೀತು. ಕಳೆದ ಮಳೆಗಾಲದಲ್ಲಿ ಕಟ್ಟಿ ಮರೆತ ಪ್ಲಾಸ್ಟಿಕ್ ಹಾಳೆಯೂ ಇರಬಹುದು.

ಅಳತೆಯ ದೋಷವೂ ಉಂಟು. ಅಂದಕ್ಕೆಂದು ಅಗ್ಗಿಷ್ಟಿಕೆಯ ಬಾಯಿ ಅಗಲಿಸಿದವರಿದ್ದಾರೆ. ಚಿಮಣಿಯ ಒಳಗಿನ ವಿಸ್ತೀರ್ಣ ಬಾಯಿಯ ವಿಸ್ತೀರ್ಣದ ಸುಮಾರು ಹತ್ತನೇ ಒಂದರಷ್ಟಾದರೂ ಇರಬೇಕೆಂಬುದು ರೂಢಿಯ ಲೆಕ್ಕ. ಬಾಯಿಯ ಮೇಲಂಚಿಗೆ ಒಂದು ತಗಡನ್ನು ಅಡ್ಡ ಹಿಡಿದು, ಹೊಗೆ ನಿಲ್ಲುವವರೆಗೆ ಇಂಚಿಂಚಾಗಿ ಇಳಿಸಿ ನೋಡಿ. ನಿಂತಲ್ಲಿಗೆ ಇಟ್ಟಿಗೆ ಕಟ್ಟಿಸಿದರಾಯಿತು. ಗೂಡಿನ ಆಳ ಕಡಿಮೆಯಿರಲಿ, ಅಕ್ಕಪಕ್ಕದ ಗೋಡೆ ಓರೆಯಾಗಿರಲಿ, ಗಂಟಲು ಕಿರಿದಾಗಿರಲಿ ಎಂದು ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ 1796ರಷ್ಟು ಹಿಂದೆಯೇ ಬರೆದಿದ್ದ. ಇಂದಿಗೂ ಅದೇ ಸರಿ.

ಸೌದೆಯ ಮಾತು ಬಿಡುವಂತಿಲ್ಲ. ಆಗತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಉರಿಸಿದರೆ ಶಾಖವೆಲ್ಲ ನೀರು ಆರಿಸುವುದಕ್ಕೇ ಖರ್ಚು. ಉಳಿಯುವುದು ಚಿಮಣಿಯ ಒಳಗೋಡೆಗೆ ಡಾಂಬರಿನಂತೆ ಅಂಟುವ ಮಸಿ. ಆ ಮಸಿಗೇ ಒಂದು ದಿನ ಬೆಂಕಿ ಹಿಡಿದರೆ, ಬಿರುಕುಬಿಟ್ಟ ಹಳೆಯ ಗಾರೆಯ ಆಚೆಗಿರುವ ಮಾಡಿನ ತೊಲೆಗೆ ಅದು ತಗಲುವುದು ಕಷ್ಟವೇನಲ್ಲ. ಕಿತ್ತ ಕಾಫಿ ಗಿಡದ ಕೊರಡು ಒಳ್ಳೆಯ ಸೌದೆ. ಬೇಸಿಗೆಯಲ್ಲೇ ಒಣಗಿಸಿ ಮುಂಗಾರಿಗೆ ಮೊದಲು ಕೊಟ್ಟಿಗೆ ಸೇರಿಸಬೇಕು.

ಇಷ್ಟೆಲ್ಲ ಹೊಗೆಯ ಮಾತು. ಹೊಗೆಯಾದರೋ ಕೆಮ್ಮು ತರಿಸಿ ಎಚ್ಚರಿಸುತ್ತದೆ. ಹೊಗೆಯಿಲ್ಲದ ನಿಗಿನಿಗಿ ಕೆಂಡ ಎಚ್ಚರಿಸುವುದಿಲ್ಲ. ಅದು ಹೊರಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಆಮೇಲೆ ಏಳಲಾಗದ ನಿದ್ದೆ. ಮಲಗುವ ಮುನ್ನ ಶಾಖ ಉಳಿಯಲೆಂದು ಚಿಮಣಿಯ ಕಬ್ಬಿಣದ ಮುಚ್ಚಳ ಹಾಕುವುದು, ಬಾಣಲೆಯಲ್ಲಿ ಕೆಂಡ ತುಂಬಿ ಮಲಗುವ ಕೋಣೆಗೆ ಒಯ್ಯುವುದು, ಎರಡೂ ಪ್ರಾಣಕ್ಕೆ ಎರವಾಗುವ ಕೆಲಸ. ಬಂಗಲೆಯನ್ನು ಹೋಮ್‌ಸ್ಟೇ ಮಾಡಿಕೊಂಡವರು ಇದನ್ನು ಅತಿಥಿಗಳಿಗೆ ಬಾಯಿಬಿಟ್ಟೇ ಹೇಳಬೇಕು. ಬಯಲುಸೀಮೆಯಿಂದ ಬಂದವರಿಗೆ ಚಳಿಯಾದರೆ ಮೊದಲು ಮಾಡುವುದು ಕಿಟಕಿ ಮುಚ್ಚುವುದೇ.

ಮೇಸ್ತ್ರಿಯನ್ನು ಕರೆಸಿದರೆ, ಚಿಮಣಿ ಗುಡಿಸಿ ಗಾರೆ ಮೆತ್ತಿದ್ದಷ್ಟಕ್ಕೇ ಕೂಲಿ ಕೊಟ್ಟು ಕಳಿಸಬೇಡಿ. ಗಾರೆ ಚೆನ್ನಾಗಿ ಒಣಗಿದ ಮೇಲೆ ಆತನ ಎದುರಿಗೇ ಒಂದಿಷ್ಟು ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸಿ, ಅಟ್ಟದಲ್ಲಿ ಒಬ್ಬರನ್ನು ಟಾರ್ಚು ಕೊಟ್ಟು ನಿಲ್ಲಿಸಿ. ಅಲ್ಲಿ ಹೊಗೆಯ ಎಳೆಯೊಂದು ಕಂಡರೂ ಬಿರುಕು ಇನ್ನೂ ಉಳಿದಿದೆ ಎಂದೇ ಲೆಕ್ಕ.