ಸ್ವಲೀನತೆಯ ಮಕ್ಕಳೂ ನಮ್ಮ ಕರ್ತವ್ಯವೂ

ಇಂಗ್ಲಿಷಿನಲ್ಲಿ ಆಟಿಸಂ ಎಂದು ಕರೆಯುವ ಸ್ಥಿತಿಗೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಹೆಸರು ರೂಢಿಗೆ ಬಂದಿದೆ. ‘ಸ್ವ’ ಎಂದರೆ ತಾನು. ‘ಲೀನ’ ಎಂದರೆ ಮುಳುಗಿ ಒಂದಾದುದು. ಗ್ರೀಕ್ ಭಾಷೆಯ ‘ಆಟೋಸ್’ ಎಂಬ ಮೂಲಪದಕ್ಕೂ ‘ತಾನು’ ಎಂದೇ ಅರ್ಥ. ಸ್ವಿಟ್ಜರ್ಲೆಂಡಿನ ವೈದ್ಯ ಯೂಜೆನ್ ಬ್ಲಾಯ್ಲರ್ 1911ರ ತನ್ನ ಗ್ರಂಥದಲ್ಲಿ ಬೇರೊಂದು ಮನೋರೋಗದ ಲಕ್ಷಣವನ್ನು ಸೂಚಿಸಲು ಈ ಪದವನ್ನು ಬಳಸಿದನು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವೃತ್ತಾಂತವನ್ನು ಬರೆದು, ಇದು ಬೇರೆಯೇ ಆದ ಒಂದು ಸ್ಥಿತಿ ಎಂದು ತೋರಿಸಿಕೊಟ್ಟನು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಇಂಥದೇ ಮಕ್ಕಳ ವಿಷಯವಾಗಿ ಬರೆದನು.

ಶಬ್ದವೇನೋ ಅಂದವಾಗಿದೆ. ಆದರೆ ಅದು ಒಂದು ತಪ್ಪು ತಿಳಿವಳಿಕೆಗೂ ಎಡೆಗೊಡುತ್ತದೆ. ಮಗು ಬೇಕೆಂದೇ ಲೋಕಕ್ಕೆ ಬೆನ್ನು ಹಾಕಿ ತನ್ನೊಳಗೆ ಮುಳುಗಿ ಕುಳಿತಿದೆ ಎಂದು ಯಾರೂ ಭಾವಿಸಬಾರದು. ಮಿದುಳು ಬೆಳೆಯುವ ರೀತಿಯೇ ಇಂತಹ ಮಗುವಿನಲ್ಲಿ ಹುಟ್ಟಿನಿಂದ ಬೇರೆ. ನಾವು ಕಾಣುವ ಬೆಳಕು, ಕೇಳುವ ಸದ್ದು, ಆಡುವ ಮಾತು, ಮುಖದಲ್ಲಿ ತೋರುವ ಭಾವ ಇವೆಲ್ಲ ಅದನ್ನು ಬೇರೆ ಬಗೆಯಲ್ಲಿ ಮುಟ್ಟುತ್ತವೆ. ಮಗುವಿಗೆ ನಮ್ಮೊಡನೆ ಬೆರೆಯುವ ಆಸೆ ಇರಬಹುದು. ದಾರಿ ಮಾತ್ರ ತಿಳಿಯದು. ಆ ದಾರಿಯನ್ನು ಮನೆ, ಶಾಲೆ, ಊರು ಮೂರೂ ಸೇರಿ ಮಾಡಿಕೊಡಬೇಕಾಗಿದೆ.

ಇದು ಎಲ್ಲೋ ದೂರದ ಪಟ್ಟಣದ ಸಮಾಚಾರವೆಂದು ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ ಲೋಕದಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಈ ಸ್ಥಿತಿ ಉಂಟು. ಆ ಲೆಕ್ಕದಲ್ಲಿ 250 ಮಕ್ಕಳಿರುವ ಒಂದು ಶಾಲೆಯಲ್ಲಿ ಇಬ್ಬರಾದರೂ ಇರಬಹುದು. ನಮ್ಮ ಬೆಳ್ಳಾರೆಯ ಪೇಟೆಯಲ್ಲಿ, ಸುತ್ತಣ ತೋಟದ ಮನೆಗಳಲ್ಲಿ ‘ಅವನು ಸ್ವಲ್ಪ ಒಂದು ಥರ’ ಎಂದು ಹೇಳಿ ಬಿಟ್ಟ ಮಕ್ಕಳಲ್ಲಿ ಕೆಲವರು ಇಂಥವರೇ ಆಗಿರಲಾರರೇ?

ಕಾರಣವೇನೆಂದು ಕೇಳುವುದು ಸಹಜ. ಬಹುಪಾಲು ವಂಶವಾಹಿಗಳಿಗೆ ಸಂಬಂಧಿಸಿದ್ದು ಎಂದು ವಿಜ್ಞಾನ ಹೇಳುತ್ತದೆ. ಕಾರಣವಲ್ಲದ್ದು ಯಾವುದು ಎಂಬುದನ್ನು ಇನ್ನೂ ಗಟ್ಟಿಯಾಗಿ ಹೇಳಬಹುದು. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತೆಂಬ ವಾದ ಒಂದು ಕಾಲದಲ್ಲಿ ಪಶ್ಚಿಮದಲ್ಲಿ ಬಹಳ ಪ್ರಬಲವಾಗಿತ್ತು. ಬ್ರೂನೋ ಬೆಟೆಲ್‌ಹೈಮ್ 1967ರ ತನ್ನ ಪುಸ್ತಕದಲ್ಲಿ ಅದನ್ನೇ ಸಾರಿದನು. ಆದರೆ ಅದಕ್ಕೆ ಮೊದಲೇ, 1964ರಲ್ಲಿ, ಇಂತಹ ಮಗುವಿನ ತಂದೆಯೇ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಆ ವಾದವನ್ನು ಖಂಡಿಸಿ ಬರೆದಿದ್ದನು. ಇಂದು ಆ ವಾದಕ್ಕೆ ಬೆಲೆಯಿಲ್ಲ. ಲಸಿಕೆಯಿಂದ ಸ್ವಲೀನತೆ ಬರುತ್ತದೆಂಬ 1998ರ ಬರಹವನ್ನು ಅದನ್ನು ಪ್ರಕಟಿಸಿದ್ದ ವೈದ್ಯಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ನಮ್ಮ ಸೀಮೆಯಲ್ಲಂತೂ ಇನ್ನೆರಡು ಮಾತು ಕೇಳಿಬರುತ್ತವೆ. ಒಂದು, ದೈವದ ಮುನಿಸು ಅಥವಾ ನಾಗದೋಷ. ಇನ್ನೊಂದು, ಎಂಡೋಸಲ್ಫಾನ್. ಗೇರು ತೋಟಗಳಿಗೆ ವಿಮಾನದಿಂದ ಎರಚಿದ ಆ ವಿಷದಿಂದ ನಮ್ಮ ಜಿಲ್ಲೆಯಲ್ಲೂ ಕಾಸರಗೋಡಿನಲ್ಲೂ ಎಷ್ಟೋ ಕುಟುಂಬಗಳು ನೊಂದುದು ನಿಜ. ಅವರಿಗಾಗಿ ಕೊಯಿಲ, ಕೊಕ್ಕಡಗಳಲ್ಲಿ ಹಗಲು ಪಾಲನಾ ಕೇಂದ್ರಗಳನ್ನು ತೆರೆದದ್ದೂ ನಿಜ. ಹಾಗೆಂದು ಪ್ರತಿಯೊಂದು ಮಗುವಿನ ತೊಂದರೆಗೂ ಅದೇ ಕಾರಣವೆಂದು ನಾವೇ ತೀರ್ಮಾನಿಸಿದರೆ, ತಜ್ಞರಿಗೆ ತೋರಿಸುವ ಕಾಲ ಕಳೆದುಹೋಗುತ್ತದೆ. ಪೂಜೆ ಮಾಡಿಸುವವರು ಮಾಡಿಸಲಿ. ಆದರೆ ಅದಕ್ಕಾಗಿ ಪರೀಕ್ಷೆಯನ್ನು ಒಂದು ತಿಂಗಳೂ ಮುಂದೂಡಬಾರದು.

ಗುರುತಿಸುವುದು ಹೇಗೆ? ವರುಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗದಿರುವುದು. ಒಂದೂವರೆ ವರುಷವಾದರೂ ಚಂದಿರನನ್ನೋ ಕಾಗೆಯನ್ನೋ ಬೆರಳು ತೋರಿ ‘ಅಗೋ’ ಎನ್ನದಿರುವುದು. ಕಲಿತ ಎರಡು ಮಾತುಗಳು ಮಾಯವಾಗುವುದು. ಆಟಿಕೆಯ ಗಾಡಿಯನ್ನು ಓಡಿಸದೆ ಅದರ ಚಕ್ರವನ್ನಷ್ಟೇ ತಿರುಗಿಸುತ್ತ ಕೂರುವುದು. ದಿನಚರಿ ತುಸು ತಪ್ಪಿದರೂ ಕಂಗೆಡುವುದು. ಇವುಗಳಲ್ಲಿ ಯಾವುದೋ ಒಂದು ಕಂಡ ಮಾತ್ರಕ್ಕೆ ಹೆದರಬೇಕಾಗಿಲ್ಲ. ಹಲವು ಕೂಡಿ ಕಂಡರೆ ಕಾಯಬಾರದು. ಕಿವಿ ಕೇಳುತ್ತದೆಯೋ ಎಂಬುದನ್ನೂ ಮೊದಲು ಪರೀಕ್ಷಿಸಬೇಕು. ಅಂಗನವಾಡಿಗಳಲ್ಲೂ ಶಾಲೆಗಳಲ್ಲೂ ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಈ ಎರಡೂ ನಮ್ಮ ರಾಜ್ಯದಲ್ಲೇ ಇರುವುದು ನಮ್ಮ ಭಾಗ್ಯ.

ಇನ್ನು ಭಾಷೆಯ ವಿಚಾರ. ವ್ಯಾಕರಣದ ಪಾಠದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ ಎಂದು ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಈ ಸರ್ವನಾಮಗಳು ಯಾರೊಬ್ಬರ ಹೆಸರೂ ಅಲ್ಲ. ಆಡುವವನು ಬದಲಾದಂತೆ ತಾವೂ ಬದಲಾಗುತ್ತವೆ. ಉಳಿದ ಮಕ್ಕಳು ಇದನ್ನು ಯಾರೂ ಕಲಿಸದೆ ಕಲಿಯುತ್ತಾರೆ. ಸ್ವಲೀನತೆಯ ಮಗುವಿಗೆ ಇದು ಕಗ್ಗಂಟು. ತಾಯಿ ‘ನಿನಗೆ ನೀರು ಬೇಕಾ?’ ಎಂದು ಕೇಳಿ ಲೋಟ ಕೊಡುತ್ತಾಳೆ. ಮರುದಿನ ಬಾಯಾರಿದಾಗ ಮಗು ಬಂದು, ‘ನಿನಗೆ ನೀರು ಬೇಕಾ?’ ಎನ್ನುತ್ತದೆ. ನಗುವ ವಿಷಯವಲ್ಲ, ಆ ವಾಕ್ಯ ಬಂದರೆ ನೀರು ಬರುತ್ತದೆಂದು ಮಗು ಕಂಡುಕೊಂಡಿದೆ. ಕ್ಯಾನರನೂ ತಾನು ಕಂಡ ಮಕ್ಕಳಲ್ಲಿ ಇದನ್ನು ಗುರುತಿಸಿದ್ದನು. ಆಗ ತಾಯಿ ಗದರದೆ, ಮಗುವಿನ ಬಾಯಲ್ಲಿ ಬರಬೇಕಾದಂತೆಯೇ ‘ನನಗೆ ನೀರು ಬೇಕು’ ಎಂದು ಹೇಳಿ, ಒಡನೆ ನೀರು ಕೊಡಬೇಕು. ನೂರು ಸಲ ಹೇಳಬೇಕಾದೀತು. ಕೇಳಿದ್ದನ್ನೇ ಮರಳಿ ಹೇಳುವುದು ವ್ಯರ್ಥ ಪ್ರಲಾಪವಲ್ಲ, ಅದು ಮಾತಿನ ಮೊದಲ ಮೆಟ್ಟಿಲು.

ನಮ್ಮ ನುಡಿಗಟ್ಟುಗಳೂ ಇವರಿಗೆ ತೊಡಕು. ನೆಂಟರು ಎದ್ದು ‘ಬರ್ತೇನೆ’ ಎಂದು ಹೇಳಿ ಹೊರಟೇ ಹೋಗುತ್ತಾರೆ! ಅಂಗಡಿಯವರು ‘ಈಗ ಬಂದೆ’ ಎಂದು ಭೂತಕಾಲದಲ್ಲಿ ಹೇಳಿ ಅರ್ಧ ಗಂಟೆ ಬಿಟ್ಟು ಬರುತ್ತಾರೆ. ‘ತಲೆ ತಿನ್ನಬೇಡ’ ಎಂದರೆ ಮಗು ದಿಗಿಲುಗೊಳ್ಳುತ್ತದೆ. ಆದುದರಿಂದ ಇಂತಹ ಮಗುವಿನೊಡನೆ ಆಡುವ ಮಾತು ಚಿಕ್ಕದಾಗಿರಲಿ, ನೇರವಾಗಿರಲಿ. ‘ಓಡಬೇಡ’ ಎನ್ನುವುದಕ್ಕಿಂತ ‘ಮೆಲ್ಲಗೆ ನಡೆ’ ಎನ್ನುವುದು ಒಳ್ಳೆಯದು. ಹೇಳಿ ಮುಗಿಸಿದ ಮೇಲೆ ಉತ್ತರಕ್ಕೆ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ.

ನಮ್ಮ ಕಡೆ ಮನೆಯಲ್ಲಿ ತುಳು, ಅರೆಭಾಷೆ, ಬ್ಯಾರಿ, ಮಲಯಾಳ. ಶಾಲೆಯಲ್ಲಿ ಕನ್ನಡ ಇಲ್ಲವೆ ಇಂಗ್ಲಿಷ್. ಮಗು ಗೊಂದಲಗೊಳ್ಳುತ್ತದೆ, ಮನೆಮಾತನ್ನು ಬಿಟ್ಟುಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಎರಡು ಭಾಷೆ ಕೇಳಿದ ಕಾರಣಕ್ಕೆ ಈ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುವುದಿಲ್ಲವೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ಅಜ್ಜಿ ತುಳುವಿನಲ್ಲಿ ಮುದ್ದಾಡಲಿ. ಕನ್ನಡಕ್ಕೆ ಅದರಿಂದ ನಷ್ಟವಿಲ್ಲ. ಮಾತೇ ಬಾರದ ಮಗುವಿಗೆ ಚಿತ್ರಗಳನ್ನು ತೋರಿಸಿ ಬೇಕಾದುದನ್ನು ಕೇಳಲು ಕಲಿಸಬಹುದು. ಚಿತ್ರ ಹಿಡಿದರೆ ಮಾತು ಬಾರದೆಂಬ ಭಯ ಬೇಡ.

ಮನೆಯಲ್ಲಿ ದಿನದ ಕೆಲಸಗಳ ಕ್ರಮವನ್ನು ಚಿತ್ರ ಬಿಡಿಸಿ ಗೋಡೆಗೆ ಅಂಟಿಸಿರಿ: ಹಲ್ಲುಜ್ಜುವುದು, ತಿಂಡಿ, ಬಸ್ಸು, ಶಾಲೆ. ಬದಲಾವಣೆ ಇದ್ದರೆ ಹಿಂದಿನ ರಾತ್ರಿಯೇ ತಿಳಿಸಿರಿ. ಅಂಗಿ ಹಾಕುವ ಕೆಲಸವನ್ನು ಐದಾರು ಚಿಕ್ಕ ಹೆಜ್ಜೆಗಳಾಗಿ ಒಡೆದು ಒಂದೊಂದನ್ನೇ ಕಲಿಸಿರಿ. ಮಗು ಬೊಬ್ಬೆ ಹೊಡೆದು ನೆಲಕ್ಕೆ ಬಿದ್ದರೆ ಅದನ್ನು ಹಟವೆಂದು ಹೊಡೆಯಬೇಡಿ. ಕುಕ್ಕರಿನ ಸೀಟಿ, ಹೊಸ ಬಟ್ಟೆಯ ತುರಿಕೆ, ಹೇಳಲಾಗದ ಹಲ್ಲುನೋವು ಯಾವುದೂ ಕಾರಣವಾಗಿರಬಹುದು. ಆರು ತಿಂಗಳಲ್ಲಿ ಪೂರ್ಣ ಗುಣಪಡಿಸುತ್ತೇವೆ ಎಂಬ ಜಾಹೀರಾತಿಗೆ ಅಡಕೆ ಮಾರಿದ ಹಣವನ್ನು ಸುರಿಯಬೇಡಿ. ಸ್ವಲೀನತೆಯನ್ನು ಅಳಿಸುವ ಔಷಧವಿಲ್ಲ. ಕಲಿಕೆಗೆ ಮಾತ್ರ ಕೊನೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಒಂದು ಎಚ್ಚರಿಕೆಯನ್ನು ದಯವಿಟ್ಟು ನೆನಪಿಡಿ. ಈ ಮಕ್ಕಳಲ್ಲಿ ಹಲವರು ಹೇಳದೆ ಮನೆಯಿಂದ ಹೊರಟುಬಿಡುತ್ತಾರೆ. ಅನೇಕರಿಗೆ ನೀರೆಂದರೆ ಸೆಳೆತ. ನಮ್ಮದು ಬಾವಿ, ಕೆರೆ, ತೋಡುಗಳ ಸೀಮೆ. ತೋಟಕ್ಕೊಂದು ನೀರಿನ ಹೊಂಡ. ಬಾವಿಗೆ ಎತ್ತರದ ಕಟ್ಟೆ, ಕೆರೆಗೆ ಬೇಲಿ ಇರಲೇಬೇಕು. ಸಾಧ್ಯವಾದರೆ ಮಗುವಿಗೆ ಈಜು ಕಲಿಸಿರಿ. ನೆರೆಹೊರೆಯವರಿಗೆ, ಅಂಗಡಿಯವರಿಗೆ, ರಿಕ್ಷಾದವರಿಗೆ ಮಗುವಿನ ಪರಿಚಯ ಮಾಡಿಕೊಡಿ. ಮಗು ಕಾಣೆಯಾದರೆ ಮೊದಲು ಓಡಬೇಕಾದುದು ನೀರಿನ ಬಳಿಗೆ. ನಾಚಿಕೆಯಿಂದ ಮಗುವನ್ನು ಮುಚ್ಚಿಟ್ಟ ಮನೆಗೆ ಆಪತ್ತಿನಲ್ಲಿ ಕಣ್ಣುಗಳು ಕಡಿಮೆಯಾಗುತ್ತವೆ.

ಶಾಲೆಯ ಮಾತಿಗೆ ಬರೋಣ. ಸೇರಿಸಿಕೊಳ್ಳುವುದು ದಯೆಯಲ್ಲ, ಕಾನೂನು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 21 ಬಗೆಗಳಲ್ಲಿ ಸ್ವಲೀನತೆಯೂ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ಅದು ಹೆಸರಿಸಿ ಹೇಳುತ್ತದೆ. ಭಾಷೆಯ ಅಧ್ಯಾಪಕನಾಗಿ ಒಂದು ಮಾತು: ವಿನಾಯಿತಿ ಪರೀಕ್ಷೆಯ ಭಾರವನ್ನು ಇಳಿಸಲಿ, ತರಗತಿಯಿಂದ ಮಗುವನ್ನು ಇಳಿಸದಿರಲಿ. ಪದ್ಯವನ್ನು ಬಾಯಿಪಾಠ ಮಾಡಿ ರಾಗವಾಗಿ ಹೇಳುವುದರಲ್ಲಿ ಇಂತಹ ಕೆಲವು ಮಕ್ಕಳು ಎಲ್ಲರನ್ನೂ ಮೀರಿಸುತ್ತಾರೆ. ಗಂಟೆಯಿಂದ ದೂರವಾದ ಒಂದೇ ಆಸನ, ಹಲಗೆಯ ಮೇಲೆ ಅಂದಿನ ವೇಳಾಪಟ್ಟಿ, ಒಮ್ಮೆಗೆ ಒಂದೇ ಸೂಚನೆ, ಆಟದ ಹೊತ್ತಿನಲ್ಲಿ ಜತೆಗೊಬ್ಬ ಸ್ನೇಹಿತ: ಇವಕ್ಕೆ ಖರ್ಚಿಲ್ಲ. ಬಸ್ಸಿನ ವೇಳೆಗಳನ್ನೆಲ್ಲ ಬಲ್ಲ ಹುಡುಗನಿಗೆ ಅದರಿಂದಲೇ ಲೆಕ್ಕ ಕಲಿಸಬಹುದು. ಅಣಕಿಸುವ ಮಕ್ಕಳನ್ನು ತಿದ್ದುವುದೂ ಪಾಠದ ಭಾಗವೇ.

ಊರಿನ ಪಾಲೂ ಉಂಟು. ಜಾತ್ರೆಯ ಗರ್ನಾಲು, ಆಟದ ಚೆಂಡೆ ಈ ಮಗುವಿನ ಕಿವಿಗೆ ನೋವಾಗಬಹುದು. ಹಾಗೆಂದು ಜಾತ್ರೆಯನ್ನೇ ತಪ್ಪಿಸಬೇಕೆ? ಬೆಳಗ್ಗೆ ಜನ ಕಡಿಮೆಯಿರುವಾಗ ಕರೆದುಕೊಂಡು ಹೋಗಬಹುದು, ಕಿವಿಗೆ ಹತ್ತಿ ಇಡಬಹುದು, ದೂರದಲ್ಲಿ ಕೂರಿಸಬಹುದು. ಬಸ್ಸಿನಲ್ಲಿ ಮಗು ಅತ್ತಾಗ ‘ಬುದ್ಧಿ ಕಲಿಸಲಿಲ್ಲವೇ?’ ಎಂದು ತಾಯಿಯನ್ನು ಕೇಳದೆ ಕಿಟಕಿಯ ಬಳಿ ಜಾಗ ಬಿಟ್ಟರೆ ಅದೇ ದೊಡ್ಡ ಉಪಕಾರ.

ಕ್ಯಾನರ್ ವರ್ಣಿಸಿದ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು. ಚಿಕ್ಕಂದಿನಲ್ಲಿ ಅವನನ್ನು ಒಂದು ಸಂಸ್ಥೆಗೆ ಸೇರಿಸಲಾಗಿತ್ತು. ತಂದೆತಾಯಿ ಮರಳಿ ಕರೆತಂದರು. ಮುಂದೆ ಕೆಲಕಾಲ ಒಂದು ರೈತ ದಂಪತಿಗಳ ಮನೆಯಲ್ಲಿದ್ದನು. ಅಳೆಯುವುದು, ಎಣಿಸುವುದು ಅವನಿಗೆ ಗೀಳು. ಆ ರೈತರು ಗೀಳನ್ನು ಬಿಡಿಸಲು ಹೋಗಲಿಲ್ಲ. ಬಾವಿಯ ಆಳವನ್ನು ಅಳೆಯಲು ಹಚ್ಚಿದರು, ಜೋಳದ ಸಾಲುಗಳನ್ನು ಎಣಿಸುತ್ತ ಉಳಲು ಬಿಟ್ಟರು. ಅವನು ಓದಿ, ಬ್ಯಾಂಕಿನಲ್ಲಿ ದುಡಿದು, ಕಾರು ನಡೆಸಲು ಕಲಿತು, ದೇಶವಿದೇಶ ಸುತ್ತಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅನುಕೂಲಸ್ಥ ಮನೆತನ ಅವನದು, ನಿಜ. ಆದರೆ ಅವನು ಹೇಗಿದ್ದನೋ ಹಾಗೆಯೇ ತನ್ನವನೆಂದು ಊರು ಒಪ್ಪಿಕೊಂಡಿತು ಎಂಬುದು ಅದಕ್ಕಿಂತ ದೊಡ್ಡ ಸಂಗತಿ. ಅಡಕೆಯನ್ನು ಬಣ್ಣ ಗಾತ್ರ ನೋಡಿ ವಿಂಗಡಿಸುವ, ಗಿಡಗಳ ಸಾಲಿಗೆ ತಪ್ಪದೆ ನೀರು ಬಿಡುವ ಕೆಲಸಗಳು ನಮ್ಮ ತೋಟಗಳಲ್ಲೂ ಇಲ್ಲವೇ?

‘ನಾವು ಹೋದ ಮೇಲೆ ಇವನಿಗೆ ಯಾರು?’ ಎಂಬ ಪ್ರಶ್ನೆ ಇಂತಹ ತಾಯ್ತಂದೆಗಳನ್ನು ರಾತ್ರಿ ನಿದ್ದೆ ಮಾಡಗೊಡುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಹದಿನೆಂಟು ತುಂಬಿದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲಾಮಟ್ಟದಲ್ಲಿ ಸಮಿತಿಯ ಏರ್ಪಾಡು ಇದೆ. ಅಂಗವಿಕಲತೆಯ ಪ್ರಮಾಣಪತ್ರ, ಗುರುತಿನ ಚೀಟಿಗಳನ್ನು ಸಕಾಲದಲ್ಲಿ ಮಾಡಿಸಿಡಿರಿ. ಆದರೆ ಕಾಗದ ಎಷ್ಟಿದ್ದರೂ, ದಾರಿಯಲ್ಲಿ ಸಿಕ್ಕಾಗ ಹೆಸರು ಹಿಡಿದು ಮಾತಾಡಿಸುವ ಹತ್ತು ಜನ ಊರಿನಲ್ಲಿ ಬೇಕು. ಆ ಹತ್ತು ಜನರಲ್ಲಿ ಓದುಗರಾದ ತಾವೂ ಒಬ್ಬರಾಗುವಿರಾದರೆ ಈ ಬರಹ ಸಾರ್ಥಕ.