ಹತ್ತು ಪೌಂಡಿನ ಪಾದ್ರಿಮನೆ

ಮುಂಬಯಿಯಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರಿಗೆ ಊರಿನಲ್ಲೊಂದು ಹಳೆಯ ಮನೆಯುಂಟು. ಮಾಡು ಸೋರುತ್ತದೆ, ಪಾಲುದಾರರು ಹಲವರು. ಕೆಡಹುವುದೋ ಉಳಿಸುವುದೋ ಎಂಬ ಚರ್ಚೆ ಪ್ರತಿ ಮೇ ತಿಂಗಳ ರಜೆಯಲ್ಲೂ ಏಳುತ್ತದೆ. ಅಂತಹ ವಾಚಕರಿಗೆ ಇಂಗ್ಲೆಂಡಿನ ಒಂದು ಪಾದ್ರಿಮನೆಯ ವೃತ್ತಾಂತ ರುಚಿಸೀತೆಂದು ಭಾವಿಸುತ್ತೇವೆ.

ಸಸೆಕ್ಸ್ ಪ್ರಾಂತದ ಆಲ್‌ಫ್ರಿಸ್ಟನ್ ಎಂಬ ಹಳ್ಳಿಯಲ್ಲಿ, ಇಗರ್ಜಿಯ ಸಮೀಪದಲ್ಲೇ ಈ ಮನೆಯಿದೆ. ಪ್ರಾಯ ಸುಮಾರು 600 ವರ್ಷ. ಪಾದ್ರಿಯ ಮನೆಯೆಂದೊಡನೆ ದೊಡ್ಡ ಕಲ್ಲಿನ ಬಂಗಲೆಯನ್ನು ಕಲ್ಪಿಸಿಕೊಳ್ಳಬಾರದು. ಓಕ್ ಮರದ ಚೌಕಟ್ಟು, ಹೆಣೆದ ಕಡ್ಡಿಗಳಿಗೆ ಮಣ್ಣು ಮೆತ್ತಿದ ಗೋಡೆ, ಮೇಲೆ ಹುಲ್ಲು ಹೊದಿಸಿದ ಮಾಡು. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ! ನಡುವಣ ಹಜಾರಕ್ಕೆ ಅಟ್ಟವಿಲ್ಲ. ತಲೆಯೆತ್ತಿದರೆ ಮಾಡಿನ ಮರಗಳೇ ಕಾಣುತ್ತವೆ. ಅದಕ್ಕೆ ಕಾರಣವುಂಟು. ಕಟ್ಟಿದ ಕಾಲದಲ್ಲಿ ಹೊಗೆಗೂಡು ಇರಲಿಲ್ಲ. ನೆಲದ ಮೇಲೆ ಬೆಂಕಿಯುರಿಸಿದರೆ ಹೊಗೆಯು ಮೇಲೇರಿ ಮಾಡಿನ ಮೂಲಕವೇ ಹೊರಬೀಳಬೇಕಾಗಿತ್ತು. ಎರಡು ತುದಿಗಳಲ್ಲಿ ಮಾತ್ರ ಮಹಡಿ. ಅದು ಕೆಳಗಿನ ಗೋಡೆಗಿಂತ ತುಸು ಮುಂಚಾಚಿರುವುದರಿಂದ ನಡುಭಾಗವು ಒಳಸರಿದಂತೆ ತೋರುತ್ತದೆ. ಆದರೂ ಮೂರಕ್ಕೂ ಸೇರಿ ಒಂದೇ ಮಾಡು.

ಹಜಾರದ ನೆಲದ ಸಂಗತಿಯಂತೂ ಬಹಳ ಸ್ವಾರಸ್ಯ. ಆ ಸೀಮೆಯಲ್ಲಿ ಯಥೇಚ್ಛವಾಗಿ ಸಿಗುವ ಬಿಳಿ ಸುಣ್ಣದ ಕಲ್ಲನ್ನು ಕುಟ್ಟಿ ಹಾಸಿ, ಹುಳಿಹಾಲು ಸುರಿದು ಗಟ್ಟಿಮಾಡಿದ್ದಾರೆ. ಸಗಣಿ ಸಾರಿಸಿದ ನೆಲದ ಮೇಲೆ ಬಾಳಿದ ನಮ್ಮ ಅಜ್ಜಿಯಂದಿರು ಕೇಳಿದ್ದರೆ, ಹಾಲು ದಂಡವಾಯಿತೆಂದು ಗೊಣಗುತ್ತಿದ್ದರೋ ಏನೋ.

19ನೆಯ ಶತಮಾನದ ಕೊನೆಗೆ ಮನೆ ಹಾಳುಬಿದ್ದು, ಕೆಡಹುವ ಮಾತು ನಡೆದಿತ್ತು. ಊರಿನ ಪಾದ್ರಿ ಬೇನನ್ ಎಂಬವರು ಬಿಡಲಿಲ್ಲ. ಅದನ್ನು ಉಳಿಸಿರೆಂದು ಮೊರೆಯಿಟ್ಟರು. 1895ರಲ್ಲಿ ಜನ್ಮತಾಳಿದ್ದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಮರುವರ್ಷವೇ ಅದನ್ನು 10 ಪೌಂಡಿಗೆ ಕೊಂಡಿತು. ಸಂಸ್ಥೆ ಕೊಂಡ ಮೊತ್ತಮೊದಲ ಕಟ್ಟಡವೇ ಇದು. ಕ್ರಯಕ್ಕಿಂತ ದುರಸ್ತಿಯ ಖರ್ಚು ಎಷ್ಟೋ ಪಾಲು ಹೆಚ್ಚಾಯಿತು. ಸಂಸ್ಥಾಪಕರಲ್ಲೊಬ್ಬರಾದ ಆಕ್ಟೇವಿಯಾ ಹಿಲ್ ಅವರು ಅದಕ್ಕಾಗಿ ಸಾರ್ವಜನಿಕರ ಮುಂದೆ ಕೈಚಾಚಬೇಕಾಯಿತು. ಊರಿನ ಮನೆಯ ಮಾಡು ರಿಪೇರಿ ಮಾಡಿಸಿದವರಿಗೆ ಇದು ಆಶ್ಚರ್ಯವೆನಿಸದು.

ನಮ್ಮ ಮಣಿಪಾಲದಲ್ಲಿ ದಿವಂಗತ ವಿಜಯನಾಥ ಶೆಣೈಯವರು ಹಿಡಿದ ದಾರಿ ಬೇರೆ. ಅಳಿವಿನಂಚಿನಲ್ಲಿದ್ದ ಮನೆಗಳನ್ನು ಬಿಚ್ಚಿ ತಂದು, ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮರಳಿ ನಿಲ್ಲಿಸಿದರು. ಸ್ತುತ್ಯ ಕಾರ್ಯವೇ ಸರಿ. ಆದರೂ ಬಾವಿ, ತುಳಸಿಕಟ್ಟೆ, ದಣಪೆಗಳೊಡನೆ ಮನೆಯು ಹುಟ್ಟಿದ ನೆಲದಲ್ಲೇ ಉಳಿಯುವುದು ಲೇಸೆಂದು ನಮ್ಮ ಅಭಿಪ್ರಾಯ. ಪಾಲುದಾರರೆಲ್ಲ ಒಪ್ಪಬೇಕಷ್ಟೆ.

ಆಲ್‌ಫ್ರಿಸ್ಟನ್ನಿನ ಮನೆ ಇಂದಿಗೂ ಇದ್ದಲ್ಲೇ ಇದೆ. ಮಕ್ಕಳನ್ನು ಕಾಣಲು ಇಂಗ್ಲೆಂಡಿಗೆ ಹೋಗುವ ವಾಚಕರು ಟಿಕೇಟು ಕೊಂಡು ಒಳಹೊಕ್ಕು ನೋಡಿಬರಬಹುದು; ನೆಲವನ್ನು ಮರೆಯದೆ ನೋಡಿರಿ.