ಮಾರಿಯೋ ಆಟದ ಗುಣದೋಷಗಳು

ವಿಡಿಯೋ ಆಟವೆಂದೊಡನೆ ಬರಿಯ ಕಾಲಹರಣವೆಂದು ಹಿರಿಯರು ಮುಖ ಸಿಂಡರಿಸುವುದುಂಟು. ಆದರೆ ಗುಣದೋಷಗಳೆರಡನ್ನೂ ತೂಗಿ ನೋಡುವುದು ವಿದ್ಯಾರ್ಥಿಗಳಾದ ನಮಗೆ ಒಪ್ಪುವ ಕೆಲಸ. 1985ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟವನ್ನೇ ತೆಗೆದುಕೊಳ್ಳೋಣ. ಶಿಗೆರು ಮಿಯಾಮೊಟೊ ಇದರ ಪ್ರಮುಖ ನಿರ್ಮಾತೃ. ಮಾರಿಯೋ ಎಂಬ ಮೀಸೆಯ ಆಳು ಓಡುತ್ತ, ನೆಗೆಯುತ್ತ ರಾಜಕುಮಾರಿಯನ್ನು ಬಿಡಿಸಲು ಹೊರಡುತ್ತಾನೆ. 8 ಲೋಕಗಳು, ಒಂದೊಂದರಲ್ಲಿ 4ರಂತೆ 32 ಹಂತಗಳು. ಇಷ್ಟೆಲ್ಲವೂ ಅಡಗಿರುವುದು ಸುಮಾರು 40 ಕಿಲೋಬೈಟುಗಳಲ್ಲಿ! ಆಕಾಶದ ಮೋಡಕ್ಕೂ ನೆಲದ ಪೊದೆಗೂ ಆಕಾರ ಒಂದೇ, ಬಣ್ಣ ಮಾತ್ರ ಬೇರೆ.

ಮಾತಿಲ್ಲದೆ ಕಲಿಸುವುದೇ ಇದರ ಆಕರ್ಷಣೆ. ಆರಂಭದಲ್ಲಿಯೇ ಎದುರಿನಿಂದ ಶತ್ರುವೊಂದು ಬರುತ್ತದೆ. ಸುಮ್ಮನೆ ನಿಂತರೆ ಸಾವು. ನೆಗೆದು ದಾಟಿದರೆ ಉಳಿವು. ಅದರ ತಲೆಯ ಮೇಲಿಳಿದರೆ ಗೆಲುವು. ಗುಂಡಿಯನ್ನು ಕೊಂಚ ಹೆಚ್ಚು ಹೊತ್ತು ಒತ್ತಿದರೆ ನೆಗೆತವೂ ಎತ್ತರವಾಗುತ್ತದೆ. ಬಿದ್ದವನು ಆಟವನ್ನು ದೂರಲಾರ. ತನ್ನ ಬೆರಳನ್ನೇ ತಿದ್ದಿಕೊಳ್ಳುತ್ತಾನೆ.

ಇನ್ನು ದೋಷಗಳು. ಪರದೆ ಬಲಕ್ಕೆ ಮಾತ್ರ ಸರಿಯುತ್ತದೆ. ಬಿಟ್ಟುಬಂದ ನಾಣ್ಯಕ್ಕಾಗಿ ಹಿಂದಿರುಗುವಂತಿಲ್ಲ. ನಿಲ್ಲಿಸಿದ ಸ್ಥಳವನ್ನು ಉಳಿಸಿಕೊಳ್ಳುವ ಏರ್ಪಾಡು ಮೂಲ ಆಟದಲ್ಲಿಲ್ಲ. ಕೆಲವು ಕೋಟೆಗಳಲ್ಲಂತೂ ಸರಿಯಾದ ದಾರಿ ಹಿಡಿಯದಿದ್ದರೆ ಅದೇ ಎಡೆ ಮತ್ತೆ ಮತ್ತೆ ಎದುರಾಗುತ್ತದೆ. ತಪ್ಪಿದ್ದೆಲ್ಲಿ ಎಂಬ ಸುಳಿವೇ ಇಲ್ಲ. ಅಷ್ಟು ಚೆನ್ನಾಗಿ ಕಲಿಸಿದ ಗುರು ಇಲ್ಲಿ ಕೈಬಿಡುತ್ತಾನೆ.

ತಪ್ಪು ತಿಳಿದರೆ ಸೋಲೂ ಒಂದು ಪಾಠ; ತಿಳಿಯದಿದ್ದರೆ ಅದು ಬರಿಯ ಶಿಕ್ಷೆ. ಪರೀಕ್ಷೆಯಲ್ಲಿ ಅಂಕವನ್ನು ಮಾತ್ರ ಕಂಡು, ತಪ್ಪನ್ನು ಕಾಣದೆ ಮನೆಗೆ ಮರಳುವ ನಮಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ.